ಉಪ್ಪಿಗೂ ಹೊರಗ ಹೋಗಾಕ ಒಂದು ದಾರಿ ಬೇಕು: ಅಮು ದರಿಯಾ ನದಿಯ ಕೊನೆ ಭಾಗದ ಕಥೆ

ಈ ಸಲದ ಬರಹ ಸ್ವಲ್ಪ ಉದ್ದ ಐತಿ. ರಾತ್ರಿ ಊಟ ಆದ ಮೇಲೆ ಬಿಡುವು ಮಾಡಿಕೊಂಡು ಓದ್ರಿ. ಸವಳು ಭೂಮಿ ಬಗ್ಗೆ ನಾವು ಮಾತಾಡಿದಾಗೆಲ್ಲ ಜಿಪ್ಸಂ ಎಷ್ಟು ಹಾಕಬೇಕು, ಯಾವ ತಳಿ ತಡಕೊಳ್ಳತೈತಿ ಅನ್ನೋದಕ್ಕೇ ಮಾತು ನಿಲ್ಲುತ್ತದೆ. ಆದರೆ ಸವಳು ಒಂದು ಹೊಲದ ರೋಗ ಅಲ್ಲ, ಅದು ಇಡೀ ನದಿಯ ರೋಗ. ಅದನ್ನು ತಿಳಿಯಬೇಕಾದರೆ ಒಂದು ನದಿಯ ಪೂರ್ತಿ ಚರಿತ್ರೆ ನೋಡಬೇಕು. ಅದಕ್ಕೇ ಈ ಸಲ ಮಧ್ಯ ಏಷ್ಯಾದ ಅಮು ದರಿಯಾ ನದಿಯ ಕಥೆ ಬರೆದೀನಿ. ನಾ ಆ ದೇಶಕ್ಕ ಹೋದವನಲ್ಲ. ಓದಿದ್ದನ್ನು ನಮ್ಮ ಲೆಕ್ಕಕ್ಕ ಹೊಂದಿಸಿ ಹೇಳ್ತೀನಿ.

ಎಲ್ಲಿಯ ನದಿ, ಯಾವ ಊರು

ಅಫ್ಘಾನಿಸ್ತಾನದ ಮೇಲೆ, ಪಾಮಿರ್ ಅನ್ನೋ ಹಿಮದ ಬೆಟ್ಟಗಳಲ್ಲಿ ಅಮು ದರಿಯಾ ಹುಟ್ಟುತ್ತದೆ. ದರಿಯಾ ಅಂದ್ರ ನದಿ, ನಮ್ಮ ಕಡೆ ಉರ್ದು ಬಲ್ಲವರಿಗೆ ಹೊಸಾ ಮಾತಲ್ಲ. ಸುಮಾರು 2,500 ಕಿಲೋಮೀಟರ್ ಹರಿದು, ಎರಡು ಮರುಭೂಮಿಗಳ ನಡುವೆ ಹಾದು, ಕೊನೆಗೆ ಅರಲ್ ಅನ್ನೋ ಸಮುದ್ರ ಸೇರುತ್ತಿತ್ತು. ಎಡಕ್ಕೆ ಕಾರಾಕುಂ, ಅಂದ್ರ ಕರಿ ಮರಳು. ಬಲಕ್ಕೆ ಕಿಜಿಲ್‌ಕುಂ, ಅಂದ್ರ ಕೆಂಪು ಮರಳು. ಮಳೆ ಅನ್ನೋದು ಅಲ್ಲಿ ವರ್ಷಕ್ಕೆ ನಾಲ್ಕೈದು ಇಂಚು ಅಷ್ಟೇ. ನದಿ ಇದ್ದರೆ ಜೀವನ, ಇಲ್ಲಾಂದ್ರ ಬರೀ ಮರಳು.

ಅರಲ್ ಅನ್ನೋದು ಹೆಸರಿಗೆ ಸಮುದ್ರ, ನಿಜದಲ್ಲಿ ಹೊರಗೆ ಹರಿದು ಹೋಗಲು ದಾರಿ ಇಲ್ಲದ ದೊಡ್ಡ ಕೆರೆ. 1960ರಲ್ಲಿ ಅದರ ಹರವು ಸುಮಾರು 68,000 ಚದರ ಕಿಲೋಮೀಟರ್. ನಮ್ಮ ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು! ಜಗತ್ತಿನ ಕೆರೆ-ಸರೋವರಗಳಲ್ಲಿ ನಾಲ್ಕನೇ ದೊಡ್ಡದು. ದಕ್ಷಿಣದಿಂದ ಅಮು ದರಿಯಾ, ಈಶಾನ್ಯದಿಂದ ಸಿರ್ ದರಿಯಾ, ಎರಡು ನದಿ ಅದಕ್ಕೆ ನೀರು ತರುತ್ತಿದ್ದವು.

ಅಮು ದರಿಯಾ ಸಮುದ್ರ ಸೇರೋ ಮುಂಚೆ ನೂರಾರು ಕವಲಾಗಿ ಒಡೆದು ಹೂಳು ಹರಡಿ ಮಾಡಿದ ಬಯಲೇ ಅದರ ಮುಖಜ ಭೂಮಿ. ಇವತ್ತು ಅದು ಉಜ್ಬೇಕಿಸ್ತಾನದ ಒಳಗಿರುವ ಕರಕಲ್ಪಾಕಸ್ತಾನ ಎಂಬ ಸ್ವಾಯತ್ತ ಗಣರಾಜ್ಯದಲ್ಲಿದೆ. ರಾಜಧಾನಿ ನುಕುಸ್. ಕರಾ ಕಲ್ಪಾಕ್ ಅಂದ್ರ ಕರಿ ಟೋಪಿಯವರು. ಒಂದು ಕಾಲಕ್ಕೆ ಆ ಬಯಲಿನಲ್ಲಿ ಆಳೆತ್ತರದ ಜೊಂಡು, ನದಿ ದಂಡೆಗುಂಟ ದಟ್ಟ ಕಾಡು, ಆ ಕಾಡಿನಲ್ಲಿ ಹುಲಿ ಸಹ ಇದ್ದವು. ಮೀನುಗಾರರು, ದನ ಮೇಯಿಸುವವರು, ಒಕ್ಕಲುತನದವರು ಒಟ್ಟಿಗೆ ಬದುಕಿದ್ದರು. ಮುಯ್ನಾಕ್ ಅನ್ನೋ ಊರು ದೊಡ್ಡ ಮೀನು ಬಂದರು. ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆ ಅಲ್ಲಿತ್ತು. ಈಗ ಮುಯ್ನಾಕ್‌ನಿಂದ ನೀರು 100 ಕಿಲೋಮೀಟರಿಗೂ ದೂರ ಹೋಗೈತಿ. ತುಕ್ಕು ಹಿಡಿದ ಹಡಗುಗಳು ಮರಳಿನ ಮೇಲೆ ನಿಂತಾವ. ಫೋಟೋ ನೀವೂ ಎಲ್ಲಾದರೂ ನೋಡಿರಬೇಕು. ಹಡಗಿನ ಫೋಟೋ ಎಲ್ಲರೂ ನೋಡ್ತಾರ. ಹೊಲದ ಕಥೆ ಕೇಳೋರು ಕಡಿಮೆ.

ಹಳೇ ಮಂದಿ ಹೆಂಗ ಬಳಸಿದ್ರು

ಆ ನದಿಯ ಕೆಳಭಾಗದಲ್ಲಿ ನೀರಾವರಿ ಹೊಸದೇನಲ್ಲ. ಖೋರೆಜಂ ಎಂದು ಆ ಸೀಮೆಗೆ ಹೆಸರು. ಎರಡೂವರೆ ಸಾವಿರ ವರ್ಷದ ಹಿಂದೆಯೇ ಅಲ್ಲಿ ಕಾಲುವೆ ಇದ್ದವು. 1937ರಿಂದ ಸೆರ್ಗೆಯ್ ಟಾಲ್‌ಸ್ಟೋವ್ ಎಂಬ ರಷ್ಯನ್ ಪುರಾತತ್ವ ಪಂಡಿತರು ವರ್ಷಗಟ್ಟಲೆ ಉತ್ಖನನ ನಡೆಸಿ, ಮರುಭೂಮಿಯಲ್ಲಿ ಹೂತುಹೋದ ಹಳೇ ಕಾಲುವೆಗಳನ್ನೂ ಪಾಳುಬಿದ್ದ ಕೋಟೆಗಳನ್ನೂ ಗುರುತಿಸಿದರು. ನಮ್ಮ ದೇಶದ ಬಗ್ಗೆ ದೊಡ್ಡ ಪುಸ್ತಕ ಬರೆದ ಅಲ್ ಬಿರೂನಿ ಹುಟ್ಟಿದ್ದು ಇದೇ ಖೋರೆಜಂನಲ್ಲಿ, 973ರಲ್ಲಿ. ಈ ನದಿ ಹಿಂದೆ ದಾರಿ ಬದಲಿಸಿದ್ದರ ಬಗ್ಗೆ ಅವನೂ ಬರೆದಿದ್ದಾನೆ.

ಹಳೇ ಕಾಲದಲ್ಲಿ ಅಲ್ಲಿ ಬಹಳ ಕಡೆ ಕಾಲುವೆ ನೀರು ಹೊಲಕ್ಕಿಂತ ತಗ್ಗಿನಲ್ಲಿ ಹರಿಯುತ್ತಿತ್ತು. ಅದನ್ನು ಎತ್ತು, ಒಂಟೆ, ಕತ್ತೆ ಕಟ್ಟಿ ತಿರುಗಿಸುವ ರಾಟೆಯಿಂದ ಮೇಲಕ್ಕೆತ್ತಬೇಕಿತ್ತು. ಆ ರಾಟೆಗೆ ಚಿಗಿರ್ ಅಂತಿದ್ದರು. ಗಾಲಿಗೆ ಕಟ್ಟಿದ ಮಣ್ಣಿನ ಗಡಿಗೆಗಳು ನೀರು ತುಂಬಿಕೊಂಡು ಮೇಲೆ ಬಂದು ಸುರಿಯೋವು. ನಮ್ಮ ಹಿರಿಯರು ಬಾವಿಗೆ ಕಪಿಲಿ ಹೊಡೆದಂಗ ಅನ್ನಿ. ಇಷ್ಟು ಕಷ್ಟಪಟ್ಟು ಎತ್ತಿದ ನೀರನ್ನು ಯಾರು ಸುಮ್ಮನೆ ಹರಿಬಿಡ್ತಾರ? ಬೆಳೆಗೆ ಬೇಕಾದಷ್ಟೇ ಕೊಟ್ಟರು. ಹೊಲಕ್ಕೆ ಬಿದ್ದ ನೀರು ಕಡಿಮೆ, ಹಾಗಾಗಿ ಅಂತರ್ಜಲ ಮೇಲೆ ಏಳಲಿಲ್ಲ. ಕಾಲುವೆ ತಗ್ಗಿನಲ್ಲಿದ್ದುದರಿಂದ ಹೊಲದ ಬಸಿನೀರು ಅದರ ಕಡೆಗೇ ಇಳಿಯುತ್ತಿತ್ತು. ಜೊತೆಗೆ ಒಂದಷ್ಟು ಭೂಮಿ ಪಾಳು ಬಿಡ್ತಿದ್ದರು. ಬೆಳೆ ಇಲ್ಲದ ಚಳಿಗಾಲದ ಕೊನೆಗೆ ಹೊಲಕ್ಕೆ ನೀರು ನಿಲ್ಲಿಸಿ ಉಪ್ಪು ತೊಳೆಯುವ ಪದ್ಧತಿಯೂ ಇತ್ತು. ಖೀವಾ ರಾಜ್ಯದ ಕಾಲದಲ್ಲಿ ವರ್ಷಕ್ಕೊಮ್ಮೆ ಮನೆಗೆ ಇಷ್ಟು ಆಳು ಅಂತ ಹೋಗಿ ಕಾಲುವೆ ಹೂಳು ತೆಗೆಯಲೇಬೇಕಿತ್ತು, ಅದು ಕಡ್ಡಾಯ ದುಡಿಮೆ.

ಹಳೇ ಕಾಲ ಬಂಗಾರದ ಕಾಲ ಅಂತ ನಾ ಹೇಳ್ತಿಲ್ಲ. 1221ರಲ್ಲಿ ಮಂಗೋಲರು ಗುರ್ಗಂಜ್ ಪಟ್ಟಣ ಗೆದ್ದು ಕಟ್ಟೆಗಳನ್ನು ಒಡೆದರು ಎಂದು ಇತಿಹಾಸಕಾರರು ಬರೀತಾರ. ನದಿ ಅರಲ್ ಬಿಟ್ಟು ಪಶ್ಚಿಮದ ಸರಿಕಮಿಶ್ ತಗ್ಗಿನ ಕಡೆ ತಿರುಗಿತು. ಆಗಲೂ ಅರಲ್ ಬಹಳ ಇಳಿದಿತ್ತು. ಈಚೆಗೆ ಒಣಗಿದ ಸಮುದ್ರದ ತಳದಲ್ಲೇ 13-14ನೇ ಶತಮಾನದ ಸಮಾಧಿ ಕಟ್ಟಡವೊಂದರ ಅವಶೇಷ ಸಿಕ್ಕಿದೆ. ಕೆರ್ದೆರಿ ಅಂತ ಅದಕ್ಕೆ ಹೆಸರು. ಅಂದ್ರ ಆಗ ಅಲ್ಲಿ ಒಣ ನೆಲ ಇತ್ತು, ಮಂದಿ ವಾಸ ಇದ್ದರು. ಆಮೇಲೆ ನದಿ ತಿರುಗಿ ಬಂತು, ಸಮುದ್ರ ಮತ್ತೆ ತುಂಬಿತು. ಇದನ್ನು ಯಾಕೆ ಹೇಳಿದೆ ಅಂದ್ರ, ಆವಾಗ ನದಿಗೆ ವಾಪಸ್ ಬರಲು ನೀರು ಉಳಿದಿತ್ತು. 20ನೇ ಶತಮಾನದಲ್ಲಿ ಆಗಿದ್ದು ಬೇರೆ.

ಬಿಳಿ ಬಂಗಾರದ ಬೆನ್ನು ಹತ್ತಿದ್ದು

1861ರಿಂದ 1865ರ ತನಕ ಅಮೆರಿಕದಲ್ಲಿ ಅಂತರ್ಯುದ್ಧ ಆಯಿತು. ಅಲ್ಲಿಯ ಹತ್ತಿ ಹೊರಗೆ ಬರೋದು ನಿಂತಿತು. ಇಂಗ್ಲೆಂಡಿನ ಗಿರಣಿಗಳು ಹತ್ತಿಗಾಗಿ ನಮ್ಮ ಧಾರವಾಡ ಸೀಮೆ ಕಡೆ ನೋಡಿದವು. ಇಲ್ಲಿ ಹತ್ತಿ ರೇಟು ಒಮ್ಮೆಲೇ ಏರಿದ್ದು ಆಗಲೇ. ರಷ್ಯಾದ ಗಿರಣಿಗಳಿಗೂ ಅದೇ ಕೊರತೆ ಬಿತ್ತು. ಅವರು ನೋಡಿದ್ದು ಮಧ್ಯ ಏಷ್ಯಾದ ಕಡೆ. 1873ರಲ್ಲಿ ಖೀವಾ ರಷ್ಯಾದ ಕೈವಶ ಆಯಿತು. 1880ರ ದಶಕದಲ್ಲಿ ಅಮೆರಿಕದ ಹತ್ತಿ ತಳಿಗಳನ್ನು ಆ ಸೀಮೆಗೆ ತಂದರು. ಒಂದೇ ಯುದ್ಧದ ಬಿಸಿ ಧಾರವಾಡದ ಎರಿ ಹೊಲಕ್ಕೂ ಅಮು ದರಿಯಾದ ದಂಡೆಗೂ ತಟ್ಟಿತು ನೋಡ್ರಿ.

1917ರ ಕ್ರಾಂತಿ ಆದ ಮೇಲೆ ಸೋವಿಯತ್ ಸರ್ಕಾರ ಬಂತು. ಆಳುವವರು ಬದಲಾದರೂ ಹತ್ತಿ ಆಸೆ ಬದಲಾಗಲಿಲ್ಲ, ಇನ್ನೂ ಹೆಚ್ಚಿತು. ಉಜ್ಬೇಕರು ಹತ್ತಿಗೆ ಬಿಳಿ ಬಂಗಾರ ಅಂತಾರ. ಎರಡನೇ ಮಹಾಯುದ್ಧ ಮುಗಿದ ಮೇಲೆ ಡ್ಯಾಂ, ಪಂಪು, ಕಾಲುವೆ ಒಂದರ ಹಿಂದೆ ಒಂದು ಬಂದವು. ಎಲ್ಲಕ್ಕೂ ದೊಡ್ಡದು ಕಾರಾಕುಂ ಕಾಲುವೆ. 1954ರಲ್ಲಿ ಕೆಲಸ ಶುರು, 1962ರಲ್ಲಿ ತುರ್ಕಮೆನಿಸ್ತಾನದ ರಾಜಧಾನಿ ಅಶ್ಗಾಬಾದ್ ಮುಟ್ಟಿತು. ಆಮೇಲೆ ಬೆಳೆಸುತ್ತಾ ಹೋಗಿ 1,300 ಕಿಲೋಮೀಟರ್ ದಾಟಿಸಿದರು. ನಮ್ಮ ತುಂಗಭದ್ರಾ ಎಡದಂಡೆ ಕಾಲುವೆ ಸುಮಾರು 227 ಕಿಲೋಮೀಟರ್, ಹೋಲಿಸಿ ನೋಡ್ರಿ. ಆ ಕಾಲುವೆಯ ಬಹುಭಾಗಕ್ಕೆ ಲೈನಿಂಗ್ ಇಲ್ಲ, ಬರೀ ಮರಳಿನಲ್ಲಿ ತೋಡಿದ್ದು. ಹಾಗಾಗಿ ಹರಿದ ನೀರಿನಲ್ಲಿ ದೊಡ್ಡ ಪಾಲು ದಾರಿಯಲ್ಲೇ ಇಂಗಿ, ಆವಿಯಾಗಿ ಹೋಗುತ್ತಿತ್ತು.

ಎರಡೂ ನದಿಗಳ ಕೆಳಗೆ 1960ರ ಹೊತ್ತಿಗೆ ಸುಮಾರು 45 ಲಕ್ಷ ಹೆಕ್ಟೇರ್ ನೀರಾವರಿ ಇತ್ತು. 1990ರ ಹೊತ್ತಿಗೆ ಅದು 70 ಲಕ್ಷ ದಾಟಿತು. ಸಮುದ್ರಕ್ಕೆ ಮೊದಲು ವರ್ಷಕ್ಕೆ 50 ಘನ ಕಿಲೋಮೀಟರಿಗಿಂತ ಹೆಚ್ಚು ನೀರು ಹೋಗುತ್ತಿತ್ತು. ನಮ್ಮ ಲೆಕ್ಕದಲ್ಲಿ 1,700 ಟಿಎಂಸಿಗಿಂತ ಜಾಸ್ತಿ. ಹೊಸದರಲ್ಲಿ ತುಂಗಭದ್ರಾ ಡ್ಯಾಂ ಹಿಡಿಯುತ್ತಿದ್ದದ್ದು 133 ಟಿಎಂಸಿ. ಅಂಥಾ 13 ಡ್ಯಾಂ ತುಂಬುವಷ್ಟು ನೀರು. 1980ರ ದಶಕದ ಕೆಲವು ವರ್ಷ ಅಮು ದರಿಯಾದಿಂದ ಸಮುದ್ರಕ್ಕೆ ನೀರು ಮುಟ್ಟಲೇ ಇಲ್ಲ.

ಯೋಜನೆ ಮಾಡಿದವರಿಗೆ ಸಮುದ್ರ ಒಣಗುತ್ತದೆ ಅಂತ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಸಮುದ್ರಕ್ಕೆ ಹೋಗಿ ಬಿಸಿಲಿಗೆ ಆವಿಯಾಗೋ ನೀರು ದಂಡ, ಅದೇ ನೀರಿನಲ್ಲಿ ಹತ್ತಿ ಬೆಳೆದರೆ ಲಾಭ ಅಂತ ಅವರ ಲೆಕ್ಕ. ನದಿ ನೀರು ಸಮುದ್ರಕ್ಕೆ ಹೋಗಿ ವ್ಯರ್ಥ ಆಗತೈತಿ ಅನ್ನೋ ಮಾತು ನಮ್ಮ ಕಡೆ ಭಾಷಣದಲ್ಲೂ ಎಷ್ಟು ಸಲ ಕೇಳಿಲ್ಲ ನಾವು? ಆ ಲೆಕ್ಕದಲ್ಲಿ ಒಂದು ಬಾಬ್ತು ಬಿಟ್ಟುಹೋಗಿತ್ತು. ಆ ಬಾಬ್ತಿನ ಹೆಸರು ಉಪ್ಪು.

ಎಕರೆಗೆ 40 ಚೀಲ

ನದಿ ನೀರು ಬಾಯಿಗೆ ಸಿಹಿ ಇದ್ದರೂ ಅದರಲ್ಲಿ ಸ್ವಲ್ಪ ಉಪ್ಪು ಕರಗಿರುತ್ತದೆ. ಲೀಟರಿಗೆ ಅರ್ಧ ಗ್ರಾಂ ಅಂತ ಹಿಡಿಯೋಣ. ಒಂದು ಎಕರೆಗೆ ವರ್ಷಕ್ಕೆ ಒಟ್ಟು ಒಂದು ಮೀಟರ್ ಎತ್ತರದಷ್ಟು ನೀರು ಕೊಟ್ಟರೆ ಅದು 40 ಲಕ್ಷ ಲೀಟರ್. ಅದರಲ್ಲಿ ಉಪ್ಪು 2,000 ಕೆಜಿ, ಅಂದ್ರ ಗೊಬ್ಬರದ 50 ಕೆಜಿ ಚೀಲದ ಲೆಕ್ಕದಲ್ಲಿ 40 ಚೀಲ! ಬೆಳೆ ನೀರನ್ನು ಕುಡಿಯುತ್ತದೆ, ಉಪ್ಪನ್ನು ಬಹುಪಾಲು ಮಣ್ಣಿನಲ್ಲೇ ಬಿಡುತ್ತದೆ. ಬಿಸಿಲು ನೀರನ್ನು ಒಯ್ಯುತ್ತದೆ, ಉಪ್ಪನ್ನು ಒಯ್ಯುವುದಿಲ್ಲ. ಬಸಿದು ಹೋಗಲು ದಾರಿ ಇಲ್ಲದಿದ್ದರೆ ಪ್ರತಿ ವರ್ಷ ನಮ್ಮ ಕೈಯಾರೆ 40 ಚೀಲ ಉಪ್ಪು ಹೊಲಕ್ಕೆ ಚೆಲ್ಲಿದಂಗ.

ಮೊದಲು ಆ ಉಪ್ಪು ಎಲ್ಲಿ ಹೋಗುತ್ತಿತ್ತು? ನದಿ ಜೊತೆ ಸಮುದ್ರಕ್ಕೆ. ಸಮುದ್ರ ಆ ಸೀಮೆಗೆಲ್ಲ ಉಪ್ಪಿನ ಗುಂಡಿ ಇದ್ದಂತೆ. ನದಿಗೆ ಪ್ರವಾಹ ಬಂದಾಗ ಮುಖಜ ಭೂಮಿಯ ಮೇಲೆ ಹರಡಿ ಹೊಸ ಹೂಳು ಬಿಟ್ಟು, ಹಳೇ ಉಪ್ಪನ್ನು ತೊಳೆದುಕೊಂಡು ಹೋಗುತ್ತಿತ್ತು. ಹಂಗಾಗಿ ಸಮುದ್ರಕ್ಕೆ ಹೋದ ನೀರು ದಂಡ ಆಗಿರಲಿಲ್ಲ, ಅದು ಕೆಲಸ ಮಾಡ್ತಿತ್ತು. ಆ ಕೂಲಿಯ ಲೆಕ್ಕ ಯಾರೂ ಬರೆದಿಟ್ಟಿರಲಿಲ್ಲ ಅಷ್ಟೇ.

ಹೊಸ ಕಾಲುವೆಗಳಲ್ಲಿ ನೀರು ಹೊಲಕ್ಕಿಂತ ಎತ್ತರದಲ್ಲಿ ಬಂತು. ರಾಟೆ ಬೇಡ, ಎತ್ತು ಬೇಡ, ತೂಬು ಎತ್ತಿದರೆ ಸಾಕು. ನೀರು ಧಾರಾಳ ಆಯಿತು. ಕಾಲುವೆಯಿಂದ ಬಸಿದದ್ದು, ಹೊಲದಿಂದ ಇಂಗಿದ್ದು ಎಲ್ಲಾ ಸೇರಿ ಅಂತರ್ಜಲ ಮೇಲೆ ಬಂತು. ನೆಲದಿಂದ ಒಂದೆರಡು ಮೀಟರ್ ಒಳಗೆ ನೀರು ನಿಂತರೆ ಮುಂದಿನ ಕೆಲಸ ಮಣ್ಣೇ ಮಾಡುತ್ತದೆ. ಲಾಟೀನಿನ ಬತ್ತಿ ಸೀಮೆಎಣ್ಣೆ ಎಳೆದುಕೊಂಡಂಗ ಮಣ್ಣು ಉಪ್ಪುನೀರನ್ನು ಮೇಲಕ್ಕೆಳೆಯುತ್ತದೆ. ನೀರು ಆವಿ, ಮೇಲೆ ಬಿಳಿ ಪದರ.

ಅಲ್ಲಿ ಬಸಿಗಾಲುವೆ ತೋಡಲಿಲ್ಲ ಅಂತ ಅಲ್ಲ. ತೋಡಿದರು. ಆದರೆ ಮೊದಲು ನೀರು, ಆಮೇಲೆ ಬಸಿಗಾಲುವೆ ಅನ್ನೋ ಕ್ರಮದಲ್ಲಿ. ತೋಡಿದ ಮೇಲೂ ಒಂದು ಪೇಚು ಉಳೀತು. ಮೇಲಿನ ಸೀಮೆಯ ಬಸಿಗಾಲುವೆಗಳು ಎಲ್ಲಿಗೆ ಹೋಗಬೇಕು? ಒಂದಷ್ಟನ್ನು ಸರಿಕಮಿಶ್ ತಗ್ಗಿಗೆ ಬಿಟ್ಟರು, ಅಲ್ಲಿ ಉಪ್ಪುನೀರಿನ ದೊಡ್ಡ ಕೆರೆಯೇ ಆಯಿತು. ಇನ್ನೊಂದಷ್ಟನ್ನು ವಾಪಸ್ ನದಿಗೇ ಬಿಟ್ಟರು. ಅಂದ್ರ ಮೇಲಿನವರ ಹೊಲ ತೊಳೆದ ನೀರೇ ಕೆಳಗಿನವರಿಗೆ ಕಾಲುವೆ ನೀರು!

ಕೊನೆ ಭಾಗದವರ ಪಾಲು

ಈ ಮಾತು ಮಾನವಿ, ಸಿರವಾರ, ರಾಯಚೂರು ಕಡೆಯ ಓದುಗರಿಗೆ ನಾ ಬಿಡಿಸಿ ಹೇಳಬೇಕಾಗಿಲ್ಲ. ಕಾಲುವೆ ಕೊನೆ ಭಾಗದವರಿಗೆ ನೀರು ತಡವಾಗಿ ಬರತೈತಿ, ಕಡಿಮೆ ಬರತೈತಿ. ಕರಕಲ್ಪಾಕಸ್ತಾನದವರು ಒಂದು ಕಾಲುವೆಯ ಕೊನೆಯವರಲ್ಲ, 2,500 ಕಿಲೋಮೀಟರ್ ನದಿಗೇ ಕೊನೆಯವರು. ಅವರಿಗೆ ನೀರು ಕಡಿಮೆಯೂ ಆಯಿತು, ಉಪ್ಪೂ ಆಯಿತು. ನದಿಯ ಕೆಳಭಾಗದಲ್ಲಿ ಲೀಟರಿಗೆ ಒಂದು ಗ್ರಾಂ ಮೀರಿ ಉಪ್ಪು ಬರೋದು ಸಾಮಾನ್ಯ ಆಯಿತು. ಮೇಲಿನ ಲೆಕ್ಕದಲ್ಲಿ ಎಕರೆಗೆ 40 ಚೀಲ ಇದ್ದದ್ದು 80 ಚೀಲ.

ಉಪ್ಪು ಹೆಚ್ಚಾದರೆ ಅದನ್ನು ತೊಳೆಯಲು ಇನ್ನೂ ಹೆಚ್ಚು ನೀರು ಬೇಕು. ಫೆಬ್ರವರಿ-ಮಾರ್ಚಿನಲ್ಲಿ ಹೊಲಕ್ಕೆ ನೀರು ನಿಲ್ಲಿಸಿ ತೊಳೀತಾರ. ಬಸಿಗಾಲುವೆ ಚಾಲ್ತಿಯಲ್ಲಿದ್ದರೆ ಉಪ್ಪು ಹೊರಗೆ ಹೋಗುತ್ತದೆ. ಇಲ್ಲಾಂದ್ರ ಉಪ್ಪು ಎರಡು ಮೊಳ ಕೆಳಗಿಳಿದು ಕೂತಿದ್ದು, ಅಂತರ್ಜಲವನ್ನೂ ಮೇಲೆತ್ತಿ, ಬೇಸಿಗೆ ಬಿಸಿಲಿಗೆ ಮತ್ತೆ ಮೇಲೆ ಬರುತ್ತದೆ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆಯಿತು. ಒಂದೇ ನದಿ ಬೇರೆ ಬೇರೆ ದೇಶಗಳ ಪಾಲಾಯಿತು. ಬಸಿಗಾಲುವೆ ಹೂಳು ತೆಗೆಯೋಕೆ ದುಡ್ಡು ಇಲ್ಲದಾಯಿತು. ಜೊಂಡು ಬೆಳೀತು, ದಂಡೆ ಕುಸೀತು. ನೀರಿನ ಕಾಲುವೆ ಒಡೆದರೆ ಅವತ್ತೇ ಗದ್ದಲ ಆಗುತ್ತದೆ. ಬಸಿಗಾಲುವೆ ಮುಚ್ಚಿದರೆ ಹತ್ತು ವರ್ಷ ಯಾರಿಗೂ ತಿಳಿಯೋದಿಲ್ಲ. ಹನ್ನೊಂದನೇ ವರ್ಷ ಬೆಳೆ ನಿಲ್ಲೋದಿಲ್ಲ.

ಉಪ್ಪು ಗಾಳಿಗೆ ಎದ್ದಿದ್ದು

ಈಗ ಕಥೆಯ ಎರಡನೇ ಭಾಗ. ನೀರು ತಂದ ಉಪ್ಪಿನ ಕಥೆ ಆಯಿತು, ಇನ್ನು ಗಾಳಿ ತಂದ ಉಪ್ಪು.

ಸಾವಿರಾರು ವರ್ಷ ಸಮುದ್ರದಲ್ಲಿ ಸೇರಿದ್ದ ಉಪ್ಪು, ನೀರು ಇಳಿದಂತೆ ಗಟ್ಟಿಯಾಗುತ್ತ ಬಂತು. 1960ರಲ್ಲಿ ಆ ನೀರಿನಲ್ಲಿ ಲೀಟರಿಗೆ ಸುಮಾರು 10 ಗ್ರಾಂ ಉಪ್ಪು ಇತ್ತು. ಆಮೇಲೆ ದಕ್ಷಿಣ ಭಾಗದಲ್ಲಿ 100 ಗ್ರಾಂ ದಾಟಿತು. 1980ರ ದಶಕದ ಆರಂಭಕ್ಕೆ ಮೀನುಗಾರಿಕೆ ಮುಗಿದೇ ಹೋಯಿತು. ಆ ದಶಕದ ಕೊನೆಗೆ ಸಮುದ್ರ ಉತ್ತರ, ದಕ್ಷಿಣ ಅಂತ ಎರಡು ಹೋಳಾಯಿತು. 2014ರಲ್ಲಿ ದಕ್ಷಿಣ ಅರಲ್‌ನ ಪೂರ್ವ ಭಾಗ ಪೂರ್ತಿ ಒಣಗಿದ್ದು ಉಪಗ್ರಹದ ಚಿತ್ರದಲ್ಲಿ ಕಂಡಿತು. ಸಮುದ್ರ ಇದ್ದ ಜಾಗದಲ್ಲಿ 50,000 ಚದರ ಕಿಲೋಮೀಟರಿಗೂ ದೊಡ್ಡ ಹೊಸ ಮರುಭೂಮಿ ಹುಟ್ಟಿತು. ಅದಕ್ಕೆ ಅರಲ್‌ಕುಂ ಅಂತ ಹೆಸರೂ ಬಿತ್ತು.

ಒಣಗಿದ ತಳದ ಮಣ್ಣು ಗಟ್ಟಿ ನೆಲ ಅಲ್ಲ. ಅದರಲ್ಲಿ ಅಡಿಗೆ ಉಪ್ಪಿನ ಜೊತೆ ಸೋಡಿಯಂ ಸಲ್ಫೇಟ್ ಎಂಬ ಉಪ್ಪೂ ಬಹಳ. ಅದು ಚಳಿಗಾಲದಲ್ಲಿ ನೀರು ಹಿಡಿದು ಹರಳು ಕಟ್ಟುತ್ತದೆ, ಮಣ್ಣನ್ನು ಉಬ್ಬಿಸುತ್ತದೆ. ಬೇಸಿಗೆಯಲ್ಲಿ ನೀರು ಬಿಟ್ಟು ಹಿಟ್ಟಿನಂಗ ಆಗುತ್ತದೆ. ಕಾಲಿಟ್ಟರೆ ಹುಗಿಯುತ್ತದೆ. ಮೇಲೆ ಹುಲ್ಲಿಲ್ಲ, ಗಿಡ ಇಲ್ಲ, ಹಸಿ ಇಲ್ಲ. ಗಾಳಿಗೆ ಇದಕ್ಕಿಂತ ಸುಲಭದ ತುತ್ತು ಯಾವುದೈತಿ? ಬೀಸುವ ಗಾಳಿಯಲ್ಲಿ ಹೆಚ್ಚಿನ ಪಾಲು ಉತ್ತರ-ಈಶಾನ್ಯದ ಕಡೆಯಿಂದ. ಅಂದ್ರ ನೇರವಾಗಿ ಮುಖಜ ಭೂಮಿಯ ಹೊಲಗಳ ಮೇಲೆ.

1975ರಲ್ಲಿ ಬಾಹ್ಯಾಕಾಶದಲ್ಲಿದ್ದ ಸೋವಿಯತ್ ಗಗನಯಾತ್ರಿಗಳು ಈ ದೊಡ್ಡ ಧೂಳಿನ ಬಿರುಗಾಳಿಗಳನ್ನು ಮೊದಲು ಗಮನಿಸಿದರು. ನೂರಾರು ಕಿಲೋಮೀಟರ್ ಉದ್ದದ ಬಿಳಿ ಧೂಳಿನ ಬಾಲ. ನೆಲದ ಮೇಲೆ ಇದ್ದವರಿಗೆ ಅದು ಅದಕ್ಕೂ ಮೊದಲೇ ಗೊತ್ತಿತ್ತು ಬಿಡ್ರಿ, ಅವರ ಮಾತು ಕೇಳೋರು ಇರಲಿಲ್ಲ. 2018ರ ಮೇ ಕೊನೆಗೆ ಎದ್ದ ಉಪ್ಪಿನ ಬಿರುಗಾಳಿ ಕರಕಲ್ಪಾಕಸ್ತಾನ, ಖೋರೆಜಂ, ಉತ್ತರ ತುರ್ಕಮೆನಿಸ್ತಾನ ಎಲ್ಲವನ್ನೂ ಬೆಳ್ಳಗೆ ಮಾಡಿತು. ಎಳೆಯ ಹತ್ತಿ ಸಸಿಯ ಎಲೆ ಮೇಲೆ ಉಪ್ಪು ಕೂತರೆ ಏನಾಗತೈತಿ ನೀವೇ ಯೋಚಿಸ್ರಿ. ಇನ್ನೊಂದು ಕೆಟ್ಟ ಸುದ್ದಿ: ದಶಕಗಟ್ಟಲೆ ಹತ್ತಿಗೆ ಹೊಡೆದ ಎಣ್ಣೆ, ಎಲೆ ಉದುರಿಸಲು ಹೊಡೆದ ರಾಸಾಯನಿಕ ಬಸಿಗಾಲುವೆ ಗುಂಟ ಹರಿದು ಅದೇ ತಳದಲ್ಲಿ ಸೇರಿತ್ತು. ಧೂಳಿನ ಜೊತೆ ಅದೂ ಊರಿಗೆ ವಾಪಸ್ ಬಂತು. ಆ ಸೀಮೆಯಲ್ಲಿ ಹೆಣ್ಣುಮಕ್ಕಳಿಗೆ ರಕ್ತಹೀನತೆ, ಮಕ್ಕಳಿಗೆ ಉಸಿರಾಟದ ರೋಗ ಹೆಚ್ಚು ಅಂತ ವೈದ್ಯರು ದಾಖಲಿಸಿದ್ದಾರೆ.

ಹವಾಮಾನವೂ ತಿರುಗಿತು. ದೊಡ್ಡ ನೀರು ಹತ್ತಿರ ಇದ್ದಾಗ ಚಳಿ-ಬಿಸಿಲು ಎರಡೂ ಹದದಲ್ಲಿದ್ದವು. ಅದು ಹೋದ ಮೇಲೆ ಬೇಸಿಗೆ ಇನ್ನೂ ಬಿಸಿ, ಚಳಿಗಾಲ ಇನ್ನೂ ಚಳಿ. ಹಿಮ ಬೀಳದ ದಿನಗಳು ಕಡಿಮೆಯಾಗಿ ಹತ್ತಿಗೆ ಸಿಗುವ ಕಾಲವೇ ಗಿಡ್ಡ ಆಯಿತು. ಹತ್ತಿಗಾಗಿ ಸಮುದ್ರ ಕಳಕೊಂಡರು, ಸಮುದ್ರ ಹೋದದ್ದಕ್ಕೆ ಹತ್ತಿಗೇ ಪೆಟ್ಟು ಬಿತ್ತು.

ಎರಡು ರಿಪೇರಿ

ಬರೀ ಅಳೋ ಕಥೆ ಹೇಳಿ ಬಿಡಬಾರದು. ಎರಡು ಕೆಲಸ ಅಲ್ಲಿ ಆಗಿವೆ.

ಮೊದಲನೆಯದು ಉತ್ತರದಲ್ಲಿ, ಕಜಾಕಿಸ್ತಾನದ ಪಾಲಿನ ಸಣ್ಣ ಅರಲ್. ಸಿರ್ ದರಿಯಾದಿಂದ ಅದಕ್ಕೆ ಬಂದಷ್ಟು ನೀರು ದಕ್ಷಿಣದ ಒಣ ತಳಕ್ಕೆ ಜಾರಿ ಹೋಗುತ್ತಿತ್ತು. ಊರವರು, ಅಧಿಕಾರಿಗಳು ಸೇರಿ ಹಾಕಿದ ಮಣ್ಣಿನ ಒಡ್ಡು 1999ರಲ್ಲಿ ಒಡೆದು ಹೋಯಿತು. ಬಿಡಲಿಲ್ಲ. ವಿಶ್ವಬ್ಯಾಂಕಿನ ಸಾಲ ಪಡೆದು 2005ರಲ್ಲಿ ಕೋಕ್-ಅರಲ್ ಅನ್ನೋ ಸುಮಾರು 13 ಕಿಲೋಮೀಟರ್ ಉದ್ದದ ಒಡ್ಡು ಮುಗಿಸಿದರು. ನೀರಿನ ಮಟ್ಟ ಎಣಿಸಿದ್ದಕ್ಕಿಂತ ಬೇಗ ಏರಿತು, ಉಪ್ಪು ತಗ್ಗಿತು, ಸಿಹಿನೀರಿನ ಮೀನು ವಾಪಸ್ ಬಂದವು. ಇಡೀ ಸಮುದ್ರ ಉಳಿಸಲು ಆಗಲ್ಲ ಅಂತ ಒಪ್ಪಿಕೊಂಡು, ಆಗುವಷ್ಟನ್ನು ಗಟ್ಟಿ ಹಿಡಿದರು.

ಎರಡನೆಯದು ದಕ್ಷಿಣದಲ್ಲಿ. ಅಲ್ಲಿ ನೀರು ವಾಪಸ್ ಬರೋದಿಲ್ಲ ಅಂತ ಗೊತ್ತಾದ ಮೇಲೆ ಗಾಳಿಯನ್ನು ತಡೆಯೋ ಕೆಲಸ ಹಿಡಿದರು. ಸಕ್ಸಾವುಲ್ ಅಂತ ಒಂದು ಮರುಭೂಮಿ ಗಿಡ. ಎಲೆ ಇದ್ದೂ ಇಲ್ಲದಂಗ, ಬೇರು ಬಹಳ ಆಳ, ಉಪ್ಪು ತಡೆಯುತ್ತದೆ. ಒಣ ತಳದಲ್ಲಿ ಗಾಳಿಗೆ ಅಡ್ಡ ಸಾಲು ಹೊಡೀತಾರ. ಸಾಲಿನಲ್ಲಿ ಮರಳು, ಹಸಿ, ಬೀಜ ನಿಲ್ಲುತ್ತದೆ. 2018ರ ಕೊನೆಯಿಂದ ಉಜ್ಬೇಕ್ ಸರ್ಕಾರ ದೊಡ್ಡ ಪ್ರಮಾಣದಲ್ಲಿ ಶುರು ಮಾಡಿ, ವಿಮಾನದಿಂದಲೂ ಬೀಜ ಚೆಲ್ಲಿಸಿತು. ಸರ್ಕಾರದ ಲೆಕ್ಕದಲ್ಲಿ 10 ಲಕ್ಷ ಹೆಕ್ಟೇರ್ ಮೀರಿದೆ. ಹಾಕಿದ ಎಲ್ಲಾ ಗಿಡ ಬದುಕೋದಿಲ್ಲ, ಬಹಳ ಉಪ್ಪಿರುವ ಕಡೆ ಅದೂ ಸೋಲುತ್ತದೆ. ಬದುಕಿದ ಕಡೆ ಗಾಳಿಯ ವೇಗ ನೆಲದ ಹತ್ತಿರ ಕುಗ್ಗುತ್ತದೆ, ಮಣ್ಣು ಏಳೋದು ಕಡಿಮೆ ಆಗುತ್ತದೆ.

ಕಥೆ ಇಲ್ಲಿಗೇ ಮುಗಿದಿಲ್ಲ. 2022ರಿಂದ ಅಫ್ಘಾನಿಸ್ತಾನ ತನ್ನ ಕಡೆಯಿಂದ ಅಮು ದರಿಯಾಕ್ಕೆ ಕೋಶ್ ತೆಪಾ ಎಂಬ 285 ಕಿಲೋಮೀಟರ್ ಕಾಲುವೆ ತೋಡುತ್ತಿದೆ. ಅವರಿಗೂ ಹೊಟ್ಟೆ ಐತಿ, ನದಿಯಲ್ಲಿ ಅವರಿಗೂ ಹಕ್ಕು ಐತಿ. ಆದರೆ ಮೇಲೆ ಎಳೆದ ಪ್ರತಿ ಹನಿಯ ಲೆಕ್ಕ ಕೊನೆಗೆ ಬೀಳೋದು ಕೆಳಗಿನವರ ತಲೆ ಮೇಲೆ.

ನಮ್ಮ ಎರಿ ಭೂಮಿಗೆ ಇದರಿಂದ ಏನು

ಅಲ್ಲಿಗೂ ಇಲ್ಲಿಗೂ ವ್ಯತ್ಯಾಸ ಬಹಳ ಐತಿ, ಅದನ್ನು ಮುಚ್ಚಬಾರದು. ನಮಗೆ ಒಣಗಿದ ಸಮುದ್ರ ಇಲ್ಲ, ಗಾಳಿ ನಮಗೆ ಉಪ್ಪು ತರೋದಿಲ್ಲ. ನಮಗೆ ಮಳೆ ಹೆಚ್ಚು, ತುಂಗಭದ್ರೆ ನೀರು ಸಿಹಿ. ಆದರೆ ನಮ್ಮ ಎರಿ ಮಣ್ಣಿನ ತಳದಲ್ಲಿ ಉಪ್ಪು ಮೊದಲಿನಿಂದಲೇ ಕೂತೈತಿ, ಮತ್ತು ಎರಿ ಮಣ್ಣು ನೀರನ್ನು ಬೇಗ ಬಿಡೋದಿಲ್ಲ.

ಕಾರಾಕುಂ ಕಾಲುವೆ ಶುರುವಾಗುವ ಹಿಂದಿನ ವರ್ಷ, 1953ರಲ್ಲಿ, ನಮ್ಮ ತುಂಗಭದ್ರಾ ಅಣೆಕಟ್ಟು ಮುಗೀತು. ಎರಡೂ ಒಂದೇ ವಾರಿಗೆಯವು. ಮೂಲ ಯೋಜನೆಯಲ್ಲಿ ನಮ್ಮ ಎಡದಂಡೆಯ ಬಹುಭಾಗ ಭೂಮಿ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗೆ ಅಂತ ಗುರುತಾಗಿತ್ತು. ಭತ್ತಕ್ಕೆ ಸಣ್ಣ ಪಾಲು. ಆಮೇಲೆ ಭತ್ತ ಹೆಂಗ ಹರಡಿತು ಅಂತ ನಿಮಗೆಲ್ಲ ಗೊತ್ತು. ಭತ್ತದಿಂದ ಮನೆ ಎದ್ದಾವ, ಮಕ್ಕಳು ಓದ್ಯಾರ, ಅದನ್ನು ಅಲ್ಲಗಳೆಯೋದಿಲ್ಲ. ಹಂಗೇ ತಗ್ಗಿನ ಗದ್ದೆಗಳು ಬೆಳ್ಳಗಾಗಿ ಬಳ್ಳಾರಿ ಜಾಲಿ ಎದ್ದಿದ್ದನ್ನೂ ನೋಡೀವಿ.

ನನ್ನ ಮಾತು ಒಂದೇ. ಕಾಲುವೆ ಒಳಗ ಬರೋ ದಾರಿ, ಹಳ್ಳ ಹೊರಗ ಹೋಗೋ ದಾರಿ. ಒಳಗ ಬರೋ ದಾರಿಗೆ ನಾವು ರಸ್ತೆ ತಡೆ ಮಾಡ್ತೀವಿ, ಗೇಜಿಗೆ ರಾತ್ರಿಯೆಲ್ಲ ಕಾಯ್ತೀವಿ. ಹೊರಗ ಹೋಗೋ ದಾರಿಯನ್ನ ಜೆಸಿಬಿ ಹಚ್ಚಿ ಮುಚ್ಚಿ ಎರಡು ಗುಂಟೆ ಗದ್ದೆ ಮಾಡಿಕೊಳ್ತೀವಿ. ಹಳ್ಳ ಒತ್ತಿದವನಿಗೆ ಎರಡು ಗುಂಟೆ ಲಾಭ, ಮೇಲಿನ ಇಪ್ಪತ್ತು ಎಕರೆಗೆ ಜವಳು.

ಮಾಡಬಹುದಾದ ಕೆಲಸ ಇವು:

ಮಣ್ಣು ಪರೀಕ್ಷೆ ಮಾಡಿಸಿಯೇ ಜಿಪ್ಸಂ ತರ್ರಿ. ಬರೀ ಬಿಳಿ ಉಪ್ಪಿನ ಸವಳಿಗೆ ಬೇಕಾದ್ದು ತೊಳೆಯುವ ನೀರು ಮತ್ತು ಬಸಿಗಾಲುವೆ. ಕರ್ಲು ಆದ ಭೂಮಿಗೆ ಜಿಪ್ಸಂ ಬೇಕು, ಅದಕ್ಕೂ ಬಸಿಗಾಲುವೆ ಇಲ್ಲದಿದ್ದರೆ ಹಾಕಿದ ದುಡ್ಡು ಮಣ್ಣಿಗೆ. ಗಂಗಾವತಿ ಕೃಷಿ ಸಂಶೋಧನಾ ಕೇಂದ್ರದಲ್ಲಿ ಈ ಸವಳಿನ ಮೇಲೆ ಬಹಳ ವರ್ಷದಿಂದ ಕೆಲಸ ನಡೆದೈತಿ, ಹೋಗಿ ಕೇಳ್ರಿ.

ನೆಲದೊಳಗೆ ತೂತಿನ ಪೈಪು ಹಾಕಿ ಬಸಿಯುವ ಪದ್ಧತಿ ಒಳ್ಳೇದು. ಆದರೆ ಪೈಪಿನ ಬಾಯಿ ಬಿಡೋ ನಾಲಾ ಅದಕ್ಕಿಂತ ತಗ್ಗಿನಲ್ಲಿ, ಬಯಲಾಗಿ ಇರಬೇಕು. ನಾಲಾ ತುಂಬಿದ್ದರೆ ಪೈಪು ಇದ್ದೂ ಇಲ್ಲದಂಗ.

ಎರಡನೇ ಬೆಳೆಗೆ ಎಲ್ಲರೂ ಭತ್ತವೇ ಹಚ್ಚಿದರೆ ಅಂತರ್ಜಲ ಇಳಿಯೋಕೆ ಪುರಸೊತ್ತೇ ಸಿಗೋದಿಲ್ಲ. ಕಡಲೆ, ಜೋಳ ಬಿತ್ತೋರು ಬಿತ್ರಿ. ಬೆಳೆ ಇಲ್ಲದಾಗ ಹೊಲ ಬೆತ್ತಲೆ ಬಿಡಬ್ಯಾಡ್ರಿ, ಡಯಂಚಾ ಚೆಲ್ಲಿ ಮುಗ್ಗು ಹೊಡೀರಿ.

ನಾಲ್ಕನೇದು ದುಡ್ಡಿನ ಕೆಲಸ ಅಲ್ಲ. ಖೀವಾದಲ್ಲಿ ಮನೆಗಿಷ್ಟು ಆಳು ಕಡ್ಡಾಯ ಅಂತ ಅರಸ ಕಟ್ಟಳೆ ಮಾಡಿದ್ದ. ನಮಗೆ ಅರಸ ಇಲ್ಲ, ನಾವೇ ಮಾಡಿಕೊಳ್ಳಬೇಕು. ಬೇಸಿಗೆಯಲ್ಲಿ ಕಾಲುವೆ ಬಂದ್ ಇದ್ದಾಗ, ಒಂದು ನಾಲಾದ ಎರಡೂ ಬದಿಯ ರೈತರು ಸೇರಿ, ಗದ್ದೆಯಿಂದ ಹಳ್ಳದ ತನಕ, ಹಳ್ಳದಿಂದ ಹೊಳೆ ತನಕ ನಡೆದು ನೋಡಬೇಕು. ಎಲ್ಲಿ ಜೊಂಡು, ಎಲ್ಲಿ ಒತ್ತುವರಿ, ಎಲ್ಲಿ ಪೈಪು ಸಣ್ಣದು ಅಂತ ಬರಕೊಳ್ಳಬೇಕು. ಕೆಳಗಿನವನ ಹೊಲದಲ್ಲಿ ನಾಲಾ ಕಟ್ಟಿದ್ದರೆ ಅವನ ಮೇಲೆ ಸಿಟ್ಟಾಗಬ್ಯಾಡ್ರಿ, ಅವನಿಗೂ ಬಸಿನೀರಿನ ಕಾಟ ಇರುತ್ತದೆ. ಕೂತು ಮಾತಾಡ್ರಿ.

ಮುಯ್ನಾಕ್‌ನವರಿಗೆ ಮಾತಾಡೋಕೆ ಮೇಲಿನವರು ಸಾವಿರಾರು ಕಿಲೋಮೀಟರ್ ದೂರ ಇದ್ದರು. ನಮಗೆ ಮೇಲಿನವನೂ ಕೆಳಗಿನವನೂ ಒಂದೇ ಚಹಾದ ಅಂಗಡಿಯಲ್ಲಿ ಸಿಗ್ತಾರ.